ಗುಡಿಸಿದ ಅಂಗಳವೂ ಹಸಿದ ಮಣ್ಣೂ

ಕೈತೋಟದ ಮಣ್ಣಿನಲ್ಲಿ ಎರೆಹುಳುಗಳು ಅಪರೂಪವಾಗುತ್ತಿವೆಯೆಂಬ ದೂರು ಈಗ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಒಂದು ಮಡಿಯನ್ನು ಪೂರ್ತಿಯಾಗಿ ಅಗೆದರೂ ಒಂದು ಹುಳುವಾದರೂ ಕಾಣದು. ಮಣ್ಣು ಹೆಂಟೆಯಾಗಿ ಏಳುವುದು. ಎರೆದ ನೀರು ಇಂಗದೆ ಮೇಲೆಯೇ ಹರಿದುಹೋಗುವುದು. ಇದಕ್ಕೆ ಕಾರಣವನ್ನು ನಾವು ಬಿಸಿಲಿನಲ್ಲಿಯೂ ಮಳೆಯ ಕೊರತೆಯಲ್ಲಿಯೂ ಹುಡುಕುತ್ತೇವೆ. ಆದರೆ ಬಹುಪಾಲು ಕಾರಣವು ನಮ್ಮ ಕೈಯ ಪೊರಕೆಯಲ್ಲಿಯೂ ಬೆಂಕಿಪೆಟ್ಟಿಗೆಯಲ್ಲಿಯೂ ಇದೆಯೆಂಬುದು ನನ್ನ ಅಭಿಪ್ರಾಯ.

ಈ ಬಡಜಂತುವಿನ ಕೆಲಸವು ಎಷ್ಟು ದೊಡ್ಡದೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರು ಚಾರ್ಲ್ಸ್ ಡಾರ್ವಿನ್ನರು. ಅವರು 1842ರಲ್ಲಿ ತಮ್ಮ ಮನೆಯ ಬಳಿಯ ಹುಲ್ಲುಗಾವಲೊಂದರ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿಸಿದರು. 1871ರಲ್ಲಿ ಅಲ್ಲಿ ಅಗೆದು ನೋಡಿದಾಗ ಆ ಚೂರುಗಳು 7 ಅಂಗುಲ ಕೆಳಗೆ ಇಳಿದಿದ್ದವು. ಅವನ್ನು ಯಾರೂ ಹೂಳಿರಲಿಲ್ಲ. ಹುಳುಗಳೇ ಕೆಳಗಿನ ಮಣ್ಣನ್ನು ತಿಂದು ಮೇಲಕ್ಕೆ ತಂದು ಹಾಕಿದ್ದವು. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಪ್ರತಿ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಮಿಕ್ಕಿದ ಮಣ್ಣು ಎರೆಹುಳುಗಳ ಹೊಟ್ಟೆಯನ್ನು ಹಾದುಬರುವುದೆಂದು ಅವರು 1881ರ ತಮ್ಮ ಗ್ರಂಥದಲ್ಲಿ ಬರೆದರು.

ಎರೆಹುಳುವಿಗೆ ಕಣ್ಣಿಲ್ಲ, ಹಲ್ಲಿಲ್ಲ, ಶ್ವಾಸಕೋಶವೂ ಇಲ್ಲ. ಅದು ತನ್ನ ಹಸಿಯಾದ ಚರ್ಮದಿಂದಲೇ ಉಸಿರಾಡುವುದು. ಚರ್ಮವು ಒಣಗಿದರೆ ಸಾಯುವುದು. ಉದುರಿದ ಎಲೆ, ಸಗಣಿ, ಕೊಳೆತ ಬೇರು, ಇವೇ ಅದರ ಆಹಾರ. ಹೀಗಿರಲಾಗಿ, ನಾವು ಪ್ರತಿದಿನವೂ ಮರದಡಿಯ ತರಗೆಲೆಯನ್ನು ಗುಡಿಸಿ ಸುಡುವಾಗ ಅದರ ಊಟವನ್ನೂ ಹೊದಿಕೆಯನ್ನೂ ಒಟ್ಟಿಗೆ ಕಸಿದುಕೊಳ್ಳುತ್ತೇವೆ. ಉಳಿದ ನೆಲಕ್ಕೆ ಸಿಮೆಂಟು ಹಾಸುತ್ತೇವೆ. ಅಮೋನಿಯಂ ಸಲ್ಫೇಟಿನಂಥ ಗೊಬ್ಬರವನ್ನು ವರ್ಷವರ್ಷವೂ ಸುರಿದರೆ ಮಣ್ಣು ಹುಳಿಯಾಗುವುದು. ಹುಳಿಮಣ್ಣಿನಲ್ಲಿ ಹೆಚ್ಚಿನ ಜಾತಿಯ ಎರೆಹುಳುಗಳು ಬಾಳಲಾರವು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ದ್ರಾವಣವು ಬೇಕೇ ಬೇಕು; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ತಾಮ್ರವು ಮಣ್ಣಿನಲ್ಲಿಯೇ ಉಳಿದು ಕೂಡಿಕೊಳ್ಳುತ್ತ ಹೋಗಿ ಎರೆಹುಳುವಿಗೆ ವಿಷವಾಗುವುದರಿಂದ, ಮನೆಯ ಗುಲಾಬಿಯ ಎಲೆಯಲ್ಲಿ ಒಂದು ಚುಕ್ಕೆ ಕಂಡೊಡನೆ ಅದನ್ನು ಸಿಂಪಡಿಸುವುದು ವಿವೇಕವಲ್ಲ.

ತರಗೆಲೆಯನ್ನು ಬಿಟ್ಟರೆ ಹಾವು ಚೇಳುಗಳು ಸೇರುವುವೆಂದು ತಾಯಂದಿರು ಹೇಳಬಹುದು. ಆ ಭಯವು ನ್ಯಾಯವಾದುದೇ. ಬಾಗಿಲ ಮುಂದಿನ ಅಂಗಳವನ್ನೂ ಮಕ್ಕಳು ಆಡುವ ಎಡೆಯನ್ನೂ ನಿರ್ಮಲವಾಗಿಯೇ ಇಡೋಣ. ಅಲ್ಲಿ ಗುಡಿಸಿದ ಎಲೆಯನ್ನು ಸುಡದೆ, ದೂರದ ಗಿಡಗಳ ಬುಡಕ್ಕೆ ತೆಳ್ಳಗೆ ಹರಡಿ, ಮಿಕ್ಕುದನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಸಾಕು.

ಹುಳುಗಳನ್ನು ಕ್ರಯಕ್ಕೆ ತಂದು ಬಿಟ್ಟರಾಗದೇ ಎಂದು ಮತ್ತೆ ಕೆಲವರು ಕೇಳುವರು. ಗೊಬ್ಬರ ಮಾಡುವುದಕ್ಕಾಗಿ ಮಾರುವ ಹುಳುಗಳಲ್ಲಿ ಹೆಚ್ಚಿನವು ಪರದೇಶದ ಜಾತಿಗಳು. ಅವು ಸಗಣಿ ಮತ್ತು ಕಸದ ರಾಶಿಯಲ್ಲಿ ಬಾಳುವುವೇ ಹೊರತು ಬರಿಯ ಮಣ್ಣಿನಲ್ಲಿ ನಿಲ್ಲಲಾರವು. ಊಟವಿಲ್ಲದ ಮನೆಗೆ ಅತಿಥಿಗಳನ್ನು ಕರೆತಂದು ಪ್ರಯೋಜನವೇನು? ಮಣ್ಣಿಗೆ ಉಣಿಸಿದರೆ ಸುತ್ತಲಲ್ಲಿ ಉಳಿದಿರುವ ನಾಡಹುಳುಗಳು ಮೆಲ್ಲಮೆಲ್ಲನೆ ತಾವಾಗಿಯೇ ಬರುವುವು.

ಬೇಸಗೆಯಲ್ಲಿ ಅಗೆದು ನೋಡಿ ನಿರಾಶೆಪಡಬೇಡಿರಿ. ಆಗ ಅವು ಆಳಕ್ಕಿಳಿದು ಸುರುಳಿಸುತ್ತಿ ಮಲಗಿರುವುವು. ಮಳೆ ಹಿಡಿದ ಕೆಲವು ದಿನಗಳ ಮೇಲೆ ಒಂದು ಅಡಿ ಚೌಕದಲ್ಲಿ ಒಂದು ಗೇಣು ಆಳಕ್ಕೆ ಅಗೆದು, ಹುಳುಗಳನ್ನು ಎಣಿಸಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಎಲೆಯನ್ನು ಸುಡದ ಒಂದು ವರ್ಷದ ತರುವಾಯ ಅದೇ ಎಡೆಯಲ್ಲಿ ಪುನಃ ಎಣಿಸಿರಿ. ಶುಚಿತ್ವವು ಹೆಣ್ಣುಮಕ್ಕಳ ವಿದ್ಯೆಗೆ ಭೂಷಣವೆಂದು ನಾವೆಲ್ಲರೂ ಒಪ್ಪಿದ್ದೇವೆ. ಎಲ್ಲಿ ಗುಡಿಸಬೇಕು, ಎಲ್ಲಿ ಗುಡಿಸಬಾರದು ಎಂಬುದನ್ನೂ ನಮ್ಮ ಹುಡುಗಿಯರು ಕಲಿತರೆ ಆ ವಿದ್ಯೆಯು ಪೂರ್ಣವಾದೀತು.