ಥರ್ಮೋಕೋಲ್ ತಾಜ್ ಮಹಲ್ ಸಾಕು, ಕಾಗದದಲ್ಲಿ ಭೋಗನಂದಿ ಕಟ್ಟಲಿ

ಶಾಲಾ ವಸ್ತುಪ್ರದರ್ಶನಗಳಲ್ಲಿ ಥರ್ಮೋಕೋಲಿನ ತಾಜ್ ಮಹಲ್, ವಿಧಾನಸೌಧ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಹಳಷ್ಟು ಅಂಗಡಿಯಿಂದ ಕೊಂಡು ತಂದವು, ಇಲ್ಲವೇ ರಾತ್ರಿ ಕೂತು ಅಪ್ಪ ಅಮ್ಮ ಮಾಡಿಕೊಟ್ಟವು. ನಾನು ಶಿಡ್ಲಘಟ್ಟ, ಗೌರಿಬಿದನೂರು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹೈಸ್ಕೂಲು ಮಕ್ಕಳೆಲ್ಲ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವನ್ನು ಒಮ್ಮೆಯಾದರೂ ತಾವೇ ಅಳೆದು, ಕಾಗದದಲ್ಲಿ ತಾವೇ ಕಟ್ಟಬೇಕು ಎಂಬುದು ನನ್ನ ಆಗ್ರಹ.

ಸೂರ್ಯೋದಯ ನೋಡಲು ನಂದಿಬೆಟ್ಟ ಹತ್ತುವವರಲ್ಲಿ ಬುಡದ ಈ ಗುಡಿಯ ಮುಂದೆ ನಿಲ್ಲುವವರು ಕಡಿಮೆ. 9ನೇ ಶತಮಾನದ ಆರಂಭದ ಶಾಸನಗಳಲ್ಲೇ ಇದರ ಪ್ರಸ್ತಾಪವಿದೆ. ದಕ್ಷಿಣಕ್ಕೆ ಅರುಣಾಚಲೇಶ್ವರ, ಉತ್ತರಕ್ಕೆ ಭೋಗನಂದೀಶ್ವರ. ಎರಡರ ನಡುವೆ ಉಮಾಮಹೇಶ್ವರನ ಪುಟ್ಟ ಗುಡಿ, ಅದರ ಮುಂದೆ ಕಪ್ಪು ಕಲ್ಲಿನ ಕಂಬಗಳ ಕಲ್ಯಾಣಮಂಟಪ. ಮಗ್ಗುಲಿಗೆ ಶೃಂಗಿತೀರ್ಥದ ಕಲ್ಯಾಣಿ.

ಶಾಲೆಯಲ್ಲಿ ಇದನ್ನು ಮಾಡಿಸಿದಾಗ ನನ್ನ ವಿದ್ಯಾರ್ಥಿಗಳು ಬಳಸಿದ್ದು ಡ್ರಾಯಿಂಗ್ ಶೀಟು, ಸ್ಕೇಲು, ಕತ್ತರಿ, ಫೆವಿಕಾಲ್. ಒಂದು ಮೀಟರಿಗೆ ಒಂದು ಸೆಂಟಿಮೀಟರ್. ಕಾವಲಿನವರನ್ನು ಕೇಳಿ, ಕಲ್ಲಿಗೆ ಕೈ ತಾಗಿಸದೆ ಹೊರಗಿನಿಂದ ಟೇಪು ಹಿಡಿಯುತ್ತಿದ್ದೆವು. ಗರ್ಭಗುಡಿಯ ಮೇಲಿನ ವಿಮಾನದ ಎತ್ತರ ತಿಳಿಯಲು ಕೋನಮಾಪಕಕ್ಕೆ ದಾರ, ಸ್ಟ್ರಾ ಕಟ್ಟಿಕೊಂಡು ದೂರ ನಿಂತು ತುದಿ ನೋಡುವುದು. ತ್ರಿಕೋನಮಿತಿ ಇಷ್ಟು ಸಲೀಸಾಗಿ ತಲೆಗೆ ಹೋದದ್ದನ್ನು ನಾನು ಕಪ್ಪು ಹಲಗೆಯ ಮುಂದೆ ಕಂಡಿಲ್ಲ. ನಿಜವಾದ ಪರೀಕ್ಷೆ ಗೋಪುರ ಕತ್ತರಿಸುವಾಗ. ಅಂತಸ್ತಿನ ತಳ 10 ಸೆಂ.ಮೀ., ಮೇಲಂಚು 4, ಎತ್ತರ 4 ಎಂದಿಟ್ಟುಕೊಳ್ಳಿ. ಮಕ್ಕಳು 4 ಸೆಂ.ಮೀ. ಎತ್ತರದ ತ್ರಾಪಿಜ್ಯ ಕತ್ತರಿಸುತ್ತಾರೆ. ಮಡಚಿ ಜೋಡಿಸಿದರೆ ಗೋಪುರ ಕುಳ್ಳಾಗಿ ಕೂರುತ್ತದೆ. ಒಳಕ್ಕೆ ವಾಲಿದ ಗೋಡೆಗೆ ಬೇಕಾದದ್ದು ಓರೆ ಎತ್ತರ. ಎರಡೂ ಕಡೆ ಮೂರು ಮೂರು ಸೆಂ.ಮೀ. ಒಳಸರಿದಿರುವುದರಿಂದ ಅದು 5. ಪೈಥಾಗೊರಸ್ ಪ್ರಮೇಯವನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಹುಡುಗಿ ಅದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡುವುದನ್ನು ನೋಡಬೇಕು! (ಮಡಿಕೆಯ ಗೆರೆಯ ಮೇಲೆ ಖಾಲಿ ರೀಫಿಲ್ಲನ್ನು ಒತ್ತಿ ಎಳೆದರೆ ದಪ್ಪ ಕಾಗದವೂ ನೇರವಾಗಿ ಮಡಚಿಕೊಳ್ಳುತ್ತದೆ. ಅಂಟಿಸುವ ಪಟ್ಟಿ ಬಿಡಲು ಮಾತ್ರ ಮರೆಯಬಾರದು.)

ಚರಿತ್ರೆಯೂ ಹೀಗೇ ಕೈಗೆ ಸಿಗುತ್ತದೆ. ಇಡೀ ದೇವಾಲಯವನ್ನು ಒಟ್ಟಿಗೆ ಕಟ್ಟಬಾರದು. ಶತಮಾನಗಳ ಕ್ರಮದಲ್ಲೇ ಕಟ್ಟಬೇಕು. ಮೊದಲು ಎರಡು ಗುಡಿಗಳನ್ನು ಮಾತ್ರ ಇಟ್ಟು ಸ್ವಲ್ಪ ಹೊತ್ತು ನೋಡಬೇಕು. ಎರಡರ ನಡುವೆ ಬಯಲು! ಆಮೇಲೆ ಅದರೊಳಗೆ ಮೂರನೆಯದನ್ನು ಕೂರಿಸಬೇಕು, ಕಲ್ಯಾಣಮಂಟಪ ಸೇರಿಸಬೇಕು, ಕೊನೆಗೆ ಪ್ರಾಕಾರ. ನೊಳಂಬರು, ಬಾಣರಿಂದ ಚೋಳರು, ಹೊಯ್ಸಳರು, ವಿಜಯನಗರದವರವರೆಗೆ ಒಬ್ಬರ ಕಟ್ಟಡಕ್ಕೆ ಇನ್ನೊಬ್ಬರು ಜಾಗ ನೋಡಿ ಜೋಡಿಸಿದ್ದು ಆಗ ಕಣ್ಣಿಗೆ ಕಾಣುತ್ತದೆ. ಪಠ್ಯಪುಸ್ತಕದಲ್ಲಿ ಈ ವಂಶಗಳು ಬೇರೆ ಬೇರೆ ಪಾಠ. ಇಲ್ಲಿ ಒಂದೇ ಅಂಗಳ. ಜೋಡಿ ಗುಡಿಗಳು ಒಂದರ ಪಡಿಯಚ್ಚೇ ಇನ್ನೊಂದು ಎಂದು ನಂಬಿದ್ದ ಮಕ್ಕಳು, ಗೋಡೆಯ ಜಾಲಂಧ್ರಗಳನ್ನು ಬಿಡಿಸಲು ಕೂತಾಗ ಅವು ಒಂದೇ ರೀತಿ ಇಲ್ಲವೆಂದು ಗೊತ್ತಾಗಿ, ಮತ್ತೆ ನಂದಿಗೆ ಹೋಗೋಣ ಸಾರ್ ಎಂದು ದುಂಬಾಲು ಬೀಳುತ್ತಿದ್ದರು.

ಕಾಗದದಲ್ಲಿ ಕಟ್ಟುವುದು ಹೊಸದೇನಲ್ಲ. ಫ್ರಾನ್ಸಿನ ಎಪಿನಾಲ್ ಊರಿನ ಮುದ್ರಕರು 19ನೇ ಶತಮಾನದಲ್ಲೇ ಕತ್ತರಿಸಿ ಅಂಟಿಸುವ ಕಟ್ಟಡಗಳ ಹಾಳೆ ಅಚ್ಚು ಹಾಕಿ ಮಾರುತ್ತಿದ್ದರು. ಪೋಲೆಂಡಿನಲ್ಲಿ 1957ರಲ್ಲೇ ಕಾಗದದ ಮಾದರಿಗಳಿಗೆಂದೇ ಒಂದು ಪತ್ರಿಕೆ ಶುರುವಾಯಿತು. ನಮಗೇನು ಕಷ್ಟ? ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಳತೆಯುಳ್ಳ ನೆಲನಕ್ಷೆ ಒದಗಿಸಲಿ, ಶಿಕ್ಷಣ ಇಲಾಖೆ ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಶಾಲೆಗೊಂದು ಪ್ರತಿ ಕಳುಹಿಸಲಿ. ಕತ್ತರಿಸಿದರೆ ಮುಗಿಯುವ ಸಿದ್ಧ ಹಾಳೆ ಮಾತ್ರ ಬೇಡ. ಮಡಚಿದರೆ ಕಟ್ಟಡವಾಗುವ ಜಾಲಾಕೃತಿಯನ್ನು ಮಕ್ಕಳೇ ಬಿಡಿಸಲಿ. ವಸ್ತುಪ್ರದರ್ಶನದ ತೀರ್ಪುಗಾರರು ಅಂದಕ್ಕೆ ಅಂಕ ಕೊಡುವ ಮುಂಚೆ, ಈ ಗೋಡೆಯ ಅಳತೆ ಹೇಗೆ ತೆಗೆದೆ ಎಂದು ಕೇಳಲಿ.

ಭೋಗನಂದಿ ಆದ ಮೇಲೆ ಚಿಂತಾಮಣಿಯ ಮಕ್ಕಳಿಗೆ ಕೈವಾರದ ಅಮರನಾರಾಯಣ ಗುಡಿಯಿದೆ, ಚಿಕ್ಕಬಳ್ಳಾಪುರದವರಿಗೆ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆಯಿದೆ. ಗೌರಿಬಿದನೂರಿನವರು ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಗುಂಡೇಟಿಗೆ ಬಲಿಯಾದವರ ಸ್ಮಾರಕದಿಂದಲೇ ಶುರುಮಾಡಬಹುದು.