ಮಾರಾಟವಾಗದ ಲಾಟು ಲೆಕ್ಕದಲ್ಲಿದೆಯೇ?

ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ಟೆಂಡರ್ ಮುಗಿದ ಮೇಲೂ ಕೆಲವು ಚೀಲಗಳು ಇದ್ದಲ್ಲೇ ಉಳಿಯುತ್ತವೆ. ಬಂದ ದರ ಮನಸ್ಸಿಗೆ ಬಾರದಿದ್ದರೆ ಮಾಲು ಬಿಡದೇ ಇರುವ ಹಕ್ಕು ಬೆಳೆಗಾರನಿಗಿದೆ. ‘ಚಾಲಿ ಅಡಿಕೆಯ ದರ ಇನ್ನೂ ಏರಬಹುದು, ಮುಂದಿನ ವಾರ ನೋಡುವ’ ಎಂದು ಆತ ಯಲ್ಲಾಪುರದ ಬಸ್ಸು ಹತ್ತಿರುತ್ತಾನೆ. ಅಂದಿನ ಧಾರಣೆ ಪಟ್ಟಿಯಲ್ಲಿ ಆ ಲಾಟಿಗೆ ಜಾಗವಿಲ್ಲ. ಗೋದಾಮಿನ ಲೆಕ್ಕದಲ್ಲಿ ಮಾತ್ರ ಅದು ಇರಲೇಬೇಕು. ಕೈಬರಹದ ಕಾಲದಲ್ಲಿ ಎರಡಕ್ಕೂ ಬೇರೆ ಬೇರೆ ಪುಸ್ತಕವಿತ್ತು, ಗುಮಾಸ್ತನಿಗೆ ಗೊಂದಲವಿರಲಿಲ್ಲ.

ಈಗ ಪುಸ್ತಕಗಳು ಕಂಪ್ಯೂಟರಿಗೆ ಹೋಗುತ್ತಿವೆ. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಕೇಂದ್ರ ಸಂಪುಟ ಒಪ್ಪಿದ್ದು 2022ರ ಜೂನ್ 29ರಂದು. ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲೇ ಹುಟ್ಟಿದ ಶಿರಸಿ ಸೀಮೆಯಲ್ಲಿ ಸಹಕಾರ ಸಂಘವೆಂದರೆ ಮನೆಯ ಸಂಗತಿ. ಸಂಘದ ಸಭೆಗಳಲ್ಲಿ ಕರೆಂಟು, ನೆಟ್‌ವರ್ಕು, ಪ್ರಿಂಟರಿನ ಚರ್ಚೆ ಬೇಕಾದಷ್ಟು ನಡೆಯುತ್ತದೆ. ಪ್ರೋಗ್ರಾಮು ತನ್ನಷ್ಟಕ್ಕೇ ಏನನ್ನು ಮರೆಮಾಡುತ್ತದೆ ಎಂಬ ಪ್ರಶ್ನೆಯೂ ಅಲ್ಲಿ ಏಳಬೇಕು.

ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಪತ್ರಿಕಾ ಕಚೇರಿಯಲ್ಲಿ ರೂಪುಗೊಂಡು 2005ರಲ್ಲಿ ಸಾರ್ವಜನಿಕರಿಗೆ ಸಿಕ್ಕ ಜ್ಯಾಂಗೋ ಎಂಬ ಚೌಕಟ್ಟನ್ನೇ ನೋಡಿ. ವೆಬ್ ತಂತ್ರಾಂಶ ಬರೆಯುವವರಿಗೆ ಇದು ಚಿರಪರಿಚಿತ. ಅದರಲ್ಲಿ ಪ್ರತಿ ಕೋಷ್ಟಕಕ್ಕೂ ಒಬ್ಬ ‘ಮ್ಯಾನೇಜರ್’ ಇರುತ್ತಾನೆ. ದತ್ತಾಂಶ ಬೇಕೆಂದವರು ಅವನನ್ನೇ ಕೇಳಬೇಕು. ಹೆಸರು ಎರವಲಿನದಾದರೂ ನಮ್ಮ ಸೊಸೈಟಿ ಮ್ಯಾನೇಜರಿಗೆ ಚೆನ್ನಾಗಿಯೇ ಹೊಂದುತ್ತದೆ! ಸುಮ್ಮನೆ ಬಿಟ್ಟರೆ ಅವನು ಇದ್ದದ್ದೆಲ್ಲವನ್ನೂ ತೋರಿಸುತ್ತಾನೆ. ಪ್ರೋಗ್ರಾಮರ್ ಬೇಕೆಂದರೆ ತನ್ನದೇ ಮ್ಯಾನೇಜರನ್ನು ನೇಮಿಸಿ, ‘ಮಾರಾಟವಾದ ಲಾಟು ಮಾತ್ರ ಕೊಡು’ ಎಂಬ ಜರಡಿಯನ್ನು ಅವನ ಕೈಗೆ ಕೊಡಬಹುದು. ನಿಯಮ ಒಂದೇ ಕಡೆ ಇರುತ್ತದೆ, ಹತ್ತು ಕಡೆ ಬರೆಯುವ ಕಷ್ಟ ತಪ್ಪುತ್ತದೆ. ಇಲ್ಲಿಯವರೆಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಮೊದಲ ಸಾಲಿನ ಬಗ್ಗೆ. ಕೋಷ್ಟಕದ ವಿವರಣೆಯಲ್ಲಿ ಯಾವ ಮ್ಯಾನೇಜರ್ ಮೊದಲು ಬರುತ್ತಾನೋ ಜ್ಯಾಂಗೋ ಅವನನ್ನೇ ಮುಖ್ಯಸ್ಥ ಎಂದುಕೊಳ್ಳುತ್ತದೆ. ಜರಡಿ ಹಿಡಿದವನನ್ನು ಅಲ್ಲಿ ಕೂರಿಸಿದರೆ ಏನಾಗುತ್ತದೆಂದು ಒಂದು ಕಲ್ಪಿತ ಸಂಘದಲ್ಲಿ ನೋಡೋಣ. ಬೆಳೆಗಾರ ವಾಪಸು ಇಟ್ಟುಕೊಂಡ 212ನೇ ನಂಬರಿನ ಲಾಟು ಆಡಳಿತದ ಪರದೆಯಲ್ಲಿ ಕಾಣುವುದಿಲ್ಲ. ಗುಮಾಸ್ತ ಅದೇ ನಂಬರನ್ನು ಇನ್ನೊಬ್ಬರ ಚೀಲಕ್ಕೆ ಕೊಡಲು ಹೊರಟರೆ, ‘ಈ ನಂಬರ್ ಈಗಾಗಲೇ ಇದೆಯೇ’ ಎಂಬ ತಪಾಸಣೆಯೂ ಅದೇ ಮುಖ್ಯಸ್ಥನ ಮೂಲಕ ನಡೆಯುವುದರಿಂದ ಫಾರಂ ‘ಸರಿ’ ಎನ್ನುತ್ತದೆ. ಆದರೆ ನಂಬರು ಎರಡು ಸಲ ಬರಬಾರದೆಂದು ಕೋಷ್ಟಕದಲ್ಲೇ ಕಟ್ಟು ಹಾಕಿರುವುದರಿಂದ ದತ್ತಸಂಚಯ ಅದನ್ನು ತಿರಸ್ಕರಿಸುತ್ತದೆ, ಪರದೆ ಕೆಂಪಾಗುತ್ತದೆ. ದತ್ತಾಂಶದ ಪ್ರತಿ ತೆಗೆಯಲು ಜ್ಯಾಂಗೋದ ಸಿದ್ಧ ಆಜ್ಞೆ ಬಳಸಿದರೆ ಆ ಪ್ರತಿಯಲ್ಲೂ 212 ಇಲ್ಲ. ಇನ್ನೂ ವಿಚಿತ್ರವೆಂದರೆ, ಸದಸ್ಯನ ಖಾತೆ ಅಳಿಸಿದರೆ ಅವನ ಲಾಟುಗಳೂ ಅಳಿಯಲಿ ಎಂಬ ಏರ್ಪಾಡಿದ್ದರೆ ಜ್ಯಾಂಗೋ ಆ ಕೆಲಸಕ್ಕೆ ಜರಡಿಯಿಲ್ಲದ ಇನ್ನೊಬ್ಬ ಮೂಲ ಮ್ಯಾನೇಜರನ್ನು ಕರೆಯುತ್ತದೆ. ಕಾಣದಿದ್ದ ಲಾಟು ಕಾಣದಂತೆಯೇ ಅಳಿದುಹೋಗುತ್ತದೆ. ಗೋದಾಮಿನಲ್ಲಿ ಚೀಲ ಮಾತ್ರ ಇರುತ್ತದೆ.

ಇದಕ್ಕೆ ಪರಿಹಾರ ಎರಡು ಸಾಲಿನದು. ಎಲ್ಲವನ್ನೂ ತೋರಿಸುವ ಮ್ಯಾನೇಜರ್ ಮೊದಲು, ಜರಡಿಯವನು ಆಮೇಲೆ, ಅವನಿಗೊಂದು ಸ್ಪಷ್ಟ ಹೆಸರು. 2014ರ 1.7ನೇ ಆವೃತ್ತಿಯಿಂದ ‘ಮಾರಾಟವಾದದ್ದು’, ‘ಚಾಲಿ’, ‘ಈ ಸಾಲಿನದು’ ಎಂಬ ಹೆಸರಿನ ಜರಡಿಗಳನ್ನು ಒಂದಕ್ಕೊಂದು ಪೋಣಿಸಿ ಬರೆಯುವುದೂ ಸುಲಭವಾಗಿದೆ.

ಹೆಸರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕಿನಲ್ಲಿ ಬೆಳೆದ ಅಡಿಕೆಗೆ ಸಲ್ಲುವ ಹೆಸರು ಅದು. ಅದೂ ಒಂದು ಜರಡಿಯೇ, ಆದರೆ ಬಾಗಿಲ ಮೇಲೆ ಬರೆದು ಹಾಕಿದ ಜರಡಿ. ತಂತ್ರಾಂಶದವರು ಇಲ್ಲಿ ಎಡವುವುದು ಬಹಳ ಸುಲಭ. ದತ್ತಾಂಶದಲ್ಲಿ ‘ಮಾರುಕಟ್ಟೆ: ಶಿರಸಿ’ ಎಂಬ ಅಂಕಣ ಸಿದ್ಧವಾಗಿರುತ್ತದೆ, ಅದನ್ನೇ ಹಿಡಿದು ಸೋಸಿಬಿಡುತ್ತಾರೆ. ಪಕ್ಕದ ಸೊರಬದ ಅಡಿಕೆ ಶಿರಸಿಗೆ ಬಂದು ಬಿಕರಿಯಾದರೆ ಅದು ‘ಶಿರಸಿ ಸುಪಾರಿ’ಯಾಗುತ್ತದೆ, ಸಿದ್ದಾಪುರದ ತೋಟದ ಅಡಿಕೆ ಸಾಗರದಲ್ಲಿ ಬಿಕರಿಯಾದರೆ ಹೊರಗುಳಿಯುತ್ತದೆ. ಬೆಳೆದ ಊರು ಬೇರೆ, ಮಾರಿದ ಊರು ಬೇರೆ ಎಂಬುದು ಕೊಟ್ಟಿಗೆಯಲ್ಲಿ ಅಡಿಕೆ ಸುಲಿಯುವವರಿಗೂ ಗೊತ್ತು. ಪ್ರೋಗ್ರಾಮಿಗೆ ಹೇಳಿಕೊಡಬೇಕು.

ಪ್ರೋಗ್ರಾಮರುಗಳ ವಾದವೂ ಹಗುರವಾದದ್ದಲ್ಲ. ಎಲ್ಲವನ್ನೂ ತೋರಿಸುವುದೇ ರೂಢಿಯಾದರೆ ಒಂದು ಕಡೆ ಜರಡಿ ಹಚ್ಚಲು ಮರೆತಾಗ ರದ್ದಾದ ಖಾತೆಗಳೂ ಪಟ್ಟಿಗೆ ಬಂದು ಕೂರುತ್ತವೆ ಎನ್ನುತ್ತಾರೆ. ನಿಜ. ಆದರೆ ತೀರಿಹೋದವರ ಹೆಸರು ಪಟ್ಟಿಯಲ್ಲಿ ಬಂದರೆ ಕೌಂಟರಿನಲ್ಲಿ ನಿಂತವರೇ ‘ಇದೇನು ಮಾರಾಯರೇ’ ಎಂದು ಕೇಳುತ್ತಾರೆ. ಇರಬೇಕಾದ ಹೆಸರು ಬಾರದಿದ್ದರೆ ಆ ಮನುಷ್ಯ ಖುದ್ದು ಬರುವ ತನಕ ಯಾರಿಗೂ ತಿಳಿಯುವುದಿಲ್ಲ. ಎರಡು ತಪ್ಪುಗಳಲ್ಲಿ ಬೇಗ ಸಿಕ್ಕಿಬೀಳುವ ತಪ್ಪೇ ವಾಸಿ.

ಒಂದು ಅಪವಾದವುಂಟು. ಸಿದ್ದಾಪುರ ಶಾಖೆಯ ಸಿಬ್ಬಂದಿಗೆ ಯಲ್ಲಾಪುರ ಶಾಖೆಯ ಸಾಲಗಾರರ ವಿವರ ಕಾಣಬಾರದು ಎಂಬಂಥ ಗೋಪ್ಯತೆಯ ಪ್ರಶ್ನೆಯಲ್ಲಿ ಹೆಚ್ಚು ತೋರಿಸುವುದೇ ಅಪರಾಧ. ಅಂಥಲ್ಲಿ ಮ್ಯಾನೇಜರಿನ ಜರಡಿಯನ್ನು ನಂಬಿ ಕೂರುವಂತಿಲ್ಲ. ನೇರ ಎಸ್‌ಕ್ಯುಎಲ್ ಬರೆದವನಿಗೆ ಅದು ಅಡ್ಡವೇ ಬಾರದು. ಪೋಸ್ಟ್‌ಗ್ರೆಸ್‌ನಂಥ ದತ್ತಸಂಚಯದಲ್ಲಿ ಸಾಲು ಸಾಲಿಗೂ ಬೀಗ ಹಾಕುವ ವ್ಯವಸ್ಥೆ 2016ರಿಂದಲೇ ಇದೆ.

ಹೊಸ ತಂತ್ರಾಂಶ ಒಪ್ಪಿಕೊಳ್ಳುವ ದಿನ ಸಂಘದ ಆಡಳಿತ ಮಂಡಳಿಯವರು ಒಂದು ಕೆಲಸ ಮಾಡಲಿ. ದತ್ತಸಂಚಯದ ಕೋಷ್ಟಕದಲ್ಲಿ ಒಟ್ಟು ಎಷ್ಟು ಲಾಟುಗಳಿವೆ, ಪರದೆಯಲ್ಲಿ ಎಷ್ಟು ಕಾಣುತ್ತಿವೆ ಎಂದು ಎರಡು ಅಂಕಿ ಕೇಳಿ ಬರೆದುಕೊಳ್ಳಲಿ. ವ್ಯತ್ಯಾಸವಿದ್ದರೆ ಯಾವ ಜರಡಿಯಿಂದ ಬಂತೆಂದು ಹೆಸರು ಹಿಡಿದು ಹೇಳುವವರೆಗೆ ಬಿಲ್ಲಿಗೆ ಸಹಿ ಹಾಕದಿರಲಿ.