ಕೆಳಗೆ ಡಿಕ್ಕಿ, ಮೇಲೆ ಕಣ!

ಸೌರ ಮಾರುತಕ್ಕೆ ಒಂದೇ ವೇಗವಿಲ್ಲ. ಸೂರ್ಯನ ನಡುಪಟ್ಟಿಯ ಸುತ್ತ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಸಾಗುವ ಗಾಳಿಯನ್ನು 700 ಕಿ.ಮೀ. ವೇಗದ್ದು ಹಿಂದಿನಿಂದ ಬಂದು ಗುದ್ದುತ್ತದೆ. ಭೂಮಿಯ ಕಕ್ಷೆಯಾಚೆ ಅಲ್ಲಿ ಆಘಾತದ ಅಲೆಗಳೆದ್ದು, ಸಿಕ್ಕ ಕಣಗಳಿಗೆ ಶಕ್ತಿ ತುಂಬುತ್ತವೆ. ಸೂರ್ಯ ತಿರುಗುತ್ತಿರುವುದರಿಂದ ಸುಮಾರು 26 ದಿನಕ್ಕೊಮ್ಮೆ ಕಣಗಳ ಏರಿಕೆ ಮರುಕಳಿಸುತ್ತದೆ.

1990ರಲ್ಲಿ ಹಾರಿದ ಯುಲಿಸಿಸ್ ನೌಕೆ 1993-94ರಲ್ಲಿ ಸೂರ್ಯನ ದಕ್ಷಿಣ ಧ್ರುವದತ್ತ ಸಾಗಿತು. ಅಲ್ಲಿರುವುದು ವೇಗದ ಗಾಳಿ ಮಾತ್ರ. ಗುದ್ದಿಸಿಕೊಳ್ಳಲು ನಿಧಾನದ್ದೇ ಇಲ್ಲ. ಆದರೂ ಕಣಗಳು ಸರದಿ ತಪ್ಪದೆ ಹಾಜರಾದವು! ಹೇಗೆ? ಸೂರ್ಯನ ಕಾಂತರೇಖೆಗಳು ಪುಸ್ತಕದ ಚಿತ್ರದಂತೆ ಅಚ್ಚುಕಟ್ಟಾಗಿ ಸುರುಳಿ ಸುತ್ತದೆ, ಅಕ್ಷಾಂಶ ದಾಟಿ ಅಲೆಯುತ್ತವೆ ಎಂದು 1996ರಲ್ಲಿ ಲೆನಾರ್ಡ್ ಫಿಸ್ಕ್ ವಾದಿಸಿದರು. ಇಲ್ಲ, ಕಣಗಳೇ ರೇಖೆಗಳ ನಡುವೆ ಅಡ್ಡಡ್ಡ ನುಸುಳುತ್ತವೆ ಎನ್ನುವವರೂ ಇದ್ದಾರೆ.